ಒಂದೇ ಗ್ಲುಟಮೇಟ್, ಎರಡು ಉತ್ತರ

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟದಲ್ಲಿ ಮಬ್ಬು ಬೆಳಕನ್ನು ಹಿಡಿಯುವ ಕೆಲಸ ದಂಡಕೋಶಗಳದು. ಹೊರಗಿನ ಸೂಚನೆಯನ್ನು ಗುರುತಿಸಿ ಅದನ್ನು ಕೋಶದೊಳಗಿನ ಕ್ರಿಯೆಯಾಗಿ ಮಾರ್ಪಡಿಸುವ ಪ್ರೋಟೀನಿಗೆ ಗ್ರಾಹಿ ಎನ್ನುತ್ತಾರೆ. ದಂಡಕೋಶದಲ್ಲಿ ಬಿಲ್ಲೆಗಳಂತೆ ಪೇರಿಸಿದ ಪೊರೆಗಳನ್ನು ತುಂಬಿರುವ ರೊಡಾಪ್ಸಿನ್ ಅಂಥದೊಂದು ಗ್ರಾಹಿ. ಎ ಜೀವಸತ್ವದಿಂದ ತಯಾರಾದ ಬಾಗಿದ ಅಣುವೊಂದು ಅದರೊಳಗೆ ಸಿಕ್ಕಿಕೊಂಡಿದ್ದು, ಬೆಳಕಿನ ಒಂದೇ ಒಂದು ಕಣವನ್ನು ಹೀರಿಕೊಂಡರೂ ಅದು ನೆಟ್ಟಗಾಗಿ ರೊಡಾಪ್ಸಿನ್ನಿನ ಆಕಾರವನ್ನೇ ಬದಲಿಸುತ್ತದೆ. ಇದರಿಂದ ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನು ಎಚ್ಚೆತ್ತು, ಅದು ಚುರುಕುಗೊಳಿಸಿದ ಕಿಣ್ವವು ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಅಣುಗಳನ್ನು ಒಡೆಯುತ್ತದೆ. ಆ ಅಣುಗಳು ತೆರೆದಿಟ್ಟಿದ್ದ ಅಯಾನು ನಾಲೆಗಳು ಮುಚ್ಚಿಕೊಳ್ಳುತ್ತವೆ.

ಇದರ ಪರಿಣಾಮ ಮಾತ್ರ ನಿರೀಕ್ಷೆಗೆ ತೀರ ವಿರುದ್ಧ. ದಂಡಕೋಶವು ಗ್ಲುಟಮೇಟ್ ಎಂಬ ನರವಾಹಕವನ್ನು ಎಡೆಬಿಡದೆ ಸ್ರವಿಸುವುದು ಕತ್ತಲಿನಲ್ಲಿ; ಬೆಳಕು ಬಿದ್ದೊಡನೆ ಆ ಸ್ರಾವ ತಗ್ಗುತ್ತದೆ. ಹಾಗಾದರೆ ಬೆಳಕು ಬಂದಿತೆಂಬುದು ಮುಂದಿನ ಕೋಶಕ್ಕೆ ತಿಳಿಯುವ ಬಗೆ ಹೇಗೆ? ಅಕ್ಷಿಪಟದ ನಿಜವಾದ ಜಾಣ್ಮೆ ಇರುವುದು ಇಲ್ಲಿಯೇ. ಮುಂದಿನ ಸಾಲಿನ ದ್ವಿಧ್ರುವ ಕೋಶಗಳಲ್ಲಿ ಒಂದು ಗುಂಪಿನ ಗ್ರಾಹಿಗಳು ಸ್ವತಃ ನಾಲೆಗಳೇ ಆಗಿದ್ದು, ಗ್ಲುಟಮೇಟ್ ತಾಗಿದೊಡನೆ ತೆರೆದುಕೊಳ್ಳುವುದರಿಂದ ಆ ಕೋಶಗಳು ಕತ್ತಲಿಗೆ ಉದ್ರೇಕಗೊಳ್ಳುತ್ತವೆ. ಇನ್ನೊಂದು ಗುಂಪಿನಲ್ಲಿರುವುದು ಎಂಗ್ಲುಆರ್6 ಎಂಬ ಬೇರೆಯೇ ಗ್ರಾಹಿ. ರೊಡಾಪ್ಸಿನ್ನಿನಂತೆ ಪೊರೆಯನ್ನು ಏಳು ಬಾರಿ ದಾಟುವ ಇದು, ಗ್ಲುಟಮೇಟ್ ಇರುವಷ್ಟು ಹೊತ್ತೂ ಟ್ರಾನ್ಸ್‌ಡ್ಯೂಸಿನ್ ಬಗೆಯದೇ ಆದ, ಜಿ-ಪ್ರೋಟೀನು ಎಂಬ ಒಳಗಿನ ಪ್ರೋಟೀನಿನ ಮೂಲಕ ಟಿಆರ್‌ಪಿಎಂ1 ಎಂಬ ನಾಲೆಯನ್ನು ಮುಚ್ಚಿಡುತ್ತದೆ. ಬೆಳಕಿನಿಂದ ಗ್ಲುಟಮೇಟ್ ಇಳಿದಾಗ ತಡೆ ಸರಿದು, ನಾಲೆ ತೆರೆದು, ಕೋಶ ಉದ್ರೇಕಗೊಳ್ಳುತ್ತದೆ. ರಾಸಾಯನಿಕ ಒಂದೇ ಆದರೂ ಅದಕ್ಕೆ ಅರ್ಥ ಕೊಡುವುದು ಅದನ್ನು ಬರಮಾಡಿಕೊಳ್ಳುವ ಗ್ರಾಹಿ.

ಎಂಗ್ಲುಆರ್6 ಗ್ರಾಹಿಯನ್ನು ಜಪಾನಿನ ಕ್ಯೋಟೊದಲ್ಲಿ ಶಿಗೆತಾದಾ ನಕಾನಿಶಿ ಅವರ ತಂಡ 1993ರಲ್ಲಿ ವರದಿ ಮಾಡಿತು. ಅದು ಅಥವಾ ಅದರ ನಾಲೆ ಕೆಟ್ಟರೆ ಹುಟ್ಟಿನಿಂದಲೇ ಇರುಳುಗುರುಡು ಬರುತ್ತದೆ. ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡಿಗೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ಜೀವಸತ್ವ ಕೊಟ್ಟರೆ ಇದು ವಾಸಿಯಾಗದು. ಈ ನಾಲೆಯ ಜಾಡು ಹಿಡಿಯಲು ನೆರವಾದವುಗಳಲ್ಲಿ ಅಮೆರಿಕದ ಅಪಲೂಸಾ ಎಂಬ ಚುಕ್ಕೆಮೈ ಕುದುರೆಗಳೂ ಸೇರಿವೆ: ಚುಕ್ಕೆಯ ಜೀನನ್ನು ತಾಯಿ ತಂದೆ ಇಬ್ಬರಿಂದಲೂ ಪಡೆದ ಕುದುರೆಗಳಿಗೆ ಇರುಳಿನಲ್ಲಿ ಕಣ್ಣು ಕಾಣದು, ಅವುಗಳ ಅಕ್ಷಿಪಟದಲ್ಲಿ ಟಿಆರ್‌ಪಿಎಂ1 ಜೀನಿನ ಚಟುವಟಿಕೆ ತೀರ ಕುಗ್ಗಿರುವುದು 2008ರಲ್ಲಿ ಬೆಳಕಿಗೆ ಬಂತು.