ಬೆಳ್ಳುಳ್ಳಿಯ ಘಾಟಿಗೆ ಅಂಜದ ಹುಳು

ಇಡಿಯ ಬೆಳ್ಳುಳ್ಳಿಯ ಎಸಳಿಗೆ ಅಷ್ಟಾಗಿ ವಾಸನೆಯಿಲ್ಲವೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಅದನ್ನು ಜಜ್ಜಿದೊಡನೆಯೇ ಮನೆಯೆಲ್ಲ ಘಾಟು ತುಂಬುವುದು. ಎಸಳಿನಲ್ಲಿ ಬೇರೆಬೇರೆಯಾಗಿದ್ದ ಎರಡು ವಸ್ತುಗಳು ಆಗ ಒಂದುಗೂಡಿ, ಗಂಧಕದಿಂದ ಕೂಡಿದ ಆಲಿಸಿನ್ ಎಂಬ ದ್ರವ್ಯವು ಹುಟ್ಟುವುದೇ ಇದಕ್ಕೆ ಕಾರಣ. ತನ್ನನ್ನು ಕಡಿಯಬಂದ ಪ್ರಾಣಿಗಳಿಗೆ ಇದಿರಾಗಿ ಗಿಡವು ಹಿಡಿದ ಆಯುಧವಿದು. ಆದರೆ ಈ ಆಯುಧಕ್ಕೆ ಅಂಜದ ಜೀವಿಯೊಂದುಂಟು. ಅದರ ವೃತ್ತಾಂತವನ್ನು ವಾಚಕರಿಗೆ ತಿಳಿಸಬಯಸುವೆವು.

ಅದು ಐರೋಪ್ಯ ದೇಶಗಳ ಒಂದು ಸಣ್ಣ ಪತಂಗ. ಈರುಳ್ಳಿಯ ಬಳಗದ ‘ಲೀಕ್’ ಎಂಬ ತರಕಾರಿಯ ಹೆಸರಿನಿಂದ ಅದನ್ನು ಲೀಕ್ ಪತಂಗವೆನ್ನುವರು. ಶಾಸ್ತ್ರಜ್ಞರು ಆಕ್ರೊಲೆಪಿಯೋಪ್ಸಿಸ್ ಅಸೆಕ್ಟೆಲ್ಲ ಎಂದು ಕರೆಯುವರು. ರೆಕ್ಕೆ ಮಡಿಸಿ ಕುಳಿತರೆ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಕಂದುಬಣ್ಣದ ಬೆನ್ನಿನ ಮೇಲೆ ತ್ರಿಕೋನಾಕಾರದ ಬಿಳಿಯ ಮಚ್ಚೆ. ರಾತ್ರಿಯಲ್ಲಿ ಹಾರಾಡಿ ಲೀಕ್, ಈರುಳ್ಳಿ, ಬೆಳ್ಳುಳ್ಳಿಗಳ ಮೇಲೆ ಮೊಟ್ಟೆಯಿಡುವುದು. ಮರಿಹುಳುಗಳು ಈರುಳ್ಳಿಯ ಟೊಳ್ಳಾದ ಎಲೆಯನ್ನು ಹೊಕ್ಕು, ಹೊರಪೊರೆಯನ್ನು ಮಾತ್ರ ಉಳಿಸಿ ಒಳಗಿನಿಂದ ಮೇಯುವುವು. ಆದುದರಿಂದ ಹೊರಗೆ ಎರಚಿದ ಔಷಧವು ಅವುಗಳಿಗೆ ತಾಗುವುದು ಕಷ್ಟ. ಬೆಳೆದ ಮೇಲೆ ಹೊರಬಂದು, ಬಲೆಯಂತಹ ತೆಳುವಾದ ಗೂಡನ್ನು ಹೆಣೆದುಕೊಳ್ಳುವುವು.

ಕೆನಡಾ ದೇಶದ ಆಟವಾ ಪ್ರಾಂತದಲ್ಲಿ ಈ ಪತಂಗವು 1993ರಲ್ಲಿ ಕಾಣಿಸಿಕೊಂಡಿತು. 2009ರ ವೇಳೆಗೆ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನಕ್ಕೂ ಕಾಲಿಟ್ಟಿತು. ಐರೋಪ್ಯ ದೇಶಗಳಲ್ಲಿ ಅದನ್ನು ಅಡಗಿಸುತ್ತಿದ್ದ ಶತ್ರುವು ಇಲ್ಲಿರಲಿಲ್ಲ. ಆ ಶತ್ರುವು ಡಯಾಡ್ರೋಮಸ್ ಪುಲ್ಕೆಲ್ಲಸ್ ಎಂಬ ಪುಟ್ಟ ಕಣಜ. ಅದು ಪತಂಗದ ಗೂಡಿನೊಳಗೆ ಮೊಟ್ಟೆಯಿಡುವುದು. ಅದರ ಮರಿಯು ಗೂಡಿನಲ್ಲಿರುವ ಜೀವಿಯನ್ನೇ ತಿಂದು ಬೆಳೆಯುವುದು.

ಇಷ್ಟು ಸಣ್ಣ ಗೂಡನ್ನು ಅಷ್ಟು ದೊಡ್ಡ ಹೊಲದಲ್ಲಿ ಕಣಜವು ಹುಡುಕುವುದೆಂತು? ಫ್ರಾನ್ಸಿನ ಶಾಸ್ತ್ರಜ್ಞರು ಇದನ್ನು ಶೋಧಿಸಿದರು. ಮರಿಹುಳುವಿನ ಹಿಕ್ಕೆಯಿಂದ ಗಂಧಕದ ವಾಸನೆಯು ಹೊರಡುವುದು. ಕಣಜವು ಅದರ ಜಾಡನ್ನು ಹಿಡಿದು ಬರುವುದು. ಗಿಡದ ಘಾಟಿಗೆ ಅಂಜದ ಕಳ್ಳನನ್ನು ಕಡೆಗೆ ಆ ಗಂಧಕವೇ ಹಿಡಿದುಕೊಟ್ಟಿತು!

ಅನ್ಯ ಕೀಟವನ್ನು ತಂದುಬಿಟ್ಟರೆ ನಿರಪರಾಧಿಗಳಾದ ಬೇರೆ ಪತಂಗಗಳಿಗೆ ಕೇಡಾಗದೇ ಎಂಬ ಶಂಕೆಯು ಸಹಜವಾದುದು. ಕೆನಡಾದವರು ಮೊದಲು ಇದನ್ನು ಪರೀಕ್ಷಿಸಿ, ಅನಂತರ 2010ರಲ್ಲಿ ಕಣಜಗಳನ್ನು ಬಿಟ್ಟರು.

ಅಲ್ಲಿನ ಗೃಹಸ್ಥರ ಹಿತ್ತಲಿಗಾದರೋ ಸುಲಭವಾದ ಉಪಾಯವುಂಟು. ಮಡಿಗೆ ನವಿರಾದ ಬಲೆಯನ್ನು ಹೊದಿಸುವರು. ಪತಂಗವು ನಿಶಾಚರಿಯಾದುದರಿಂದ, ಕಳೆ ಕೀಳಲು ಹಗಲಿನಲ್ಲಿ ಬಲೆಯನ್ನು ತೆಗೆದು, ಸಂಜೆಗೆ ಮುನ್ನ ಮತ್ತೆ ಮುಚ್ಚಿದರೆ ಸಾಕು. ಎಲೆಯ ಮೇಲಿನ ಗೂಡುಗಳನ್ನು ಹಿಸುಕುವುದೂ, ವರ್ಷವರ್ಷವೂ ಅದೇ ಮಡಿಯಲ್ಲಿ ನೆಡದಿರುವುದೂ ಹಿತಕರ. ಶತ್ರುವಿನ ದಿನಚರಿಯನ್ನು ಅರಿತವನಿಗೆ ವಿಷವು ಅಷ್ಟಾಗಿ ಬೇಕಾಗದೆಂಬುದನ್ನು ಈ ಸಣ್ಣ ಹುಳುವಿನಿಂದ ನಾವೂ ಕಲಿಯಬಹುದಾಗಿದೆ.