ಈಳಿಗೆಮಣೆಯ ಮುಂದೆ ಕೂತಾಗ

ಹುರುಳಿಕಾಯಿ ಪಲ್ಯ ಮಾಡುವ ದಿನ ನಮ್ಮ ದೊಡ್ಡಮ್ಮ ಒಂದೊಂದೇ ಕಾಯಿ ಹಿಡಿದು ಹೆಚ್ಚುತ್ತಿರಲಿಲ್ಲ. ನಾರು ತೆಗೆದ ಹತ್ತು ಹನ್ನೆರಡು ಕಾಯಿಗಳ ತುದಿಯನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ, ಹುಲ್ಲಿನ ಹಿಡಿಯಂತೆ ಮುಷ್ಟಿಯಲ್ಲಿ ಅದುಮಿ ಅಲುಗಿಗೆ ಒಡ್ಡುತ್ತಿದ್ದರು. ಒಂದು ಸಲ ಒಡ್ಡಿದರೆ ಹನ್ನೆರಡು ಚೂರು ಕೆಳಗಿನ ತಟ್ಟೆಗೆ ಉದುರುತ್ತಿತ್ತು. ಒಲೆಯ ಮೇಲಿನ ನೀರು ಮರಳುವಷ್ಟರಲ್ಲಿ ಕಾಯಿ ಮುಗಿದಿರುತ್ತಿತ್ತು. ಅದೇ ಕಾಯಿಯನ್ನು ನಾನು ಚಾಕುವಿನಲ್ಲಿ ಹೆಚ್ಚಿದರೆ ಇವತ್ತಿಗೂ ಎರಡರಷ್ಟು ಹೊತ್ತು ಹಿಡಿಯುತ್ತದೆ, ಚೂರುಗಳೂ ಒಂದರಂತೆ ಇನ್ನೊಂದಿರುವುದಿಲ್ಲ.

ಇದರಲ್ಲಿ ಕೈಚಳಕ ಎಷ್ಟೋ, ಈಳಿಗೆಮಣೆಯ ರಚನೆಯ ಪಾಲೂ ಅಷ್ಟೇ ಇದೆ. ಚಾಕುವಿನಲ್ಲಿ ತರಕಾರಿ ಸುಮ್ಮನಿರುತ್ತದೆ, ಅಲುಗು ಓಡಾಡುತ್ತದೆ. ಈಳಿಗೆಮಣೆಯಲ್ಲಿ ಅಲುಗು ನಿಂತಲ್ಲೇ ನಿಂತಿರುತ್ತದೆ, ಓಡಾಡುವುದು ತರಕಾರಿ. ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿಯುವುದರಿಂದ ಎರಡು ಕೈಯೂ ಬಿಡುವಾಗುತ್ತವೆ. ಮಲೆನಾಡಿನ ಮತ್ತು ಕರಾವಳಿಯ ಹಲವು ಮನೆಗಳಲ್ಲಿ ಇದಕ್ಕೆ ಮೆಟ್ಟುಗತ್ತಿ ಎನ್ನುತ್ತಾರೆ. ಮೆಟ್ಟಿ ಹಿಡಿಯುವ ಕತ್ತಿ, ಹೆಸರಿನಲ್ಲೇ ಬಳಸುವ ಕ್ರಮವೂ ಇದೆ. ಮರಾಠಿಯವರ ವಿಳಿ, ತಮಿಳರ ಅರಿವಾಳ್‌ಮನೈ, ತೆಲುಗರ ಕತ್ತಿಪೀಟ, ಬಂಗಾಳಿಗಳ ಬೊಟಿ ಎಲ್ಲವೂ ಇದರ ದಾಯಾದಿಗಳೇ.

ಅಲುಗಿನ ಬಾಗನ್ನು ಗಮನಿಸಿ. ಮೊಂಡು ಚಾಕುವನ್ನು ಟೊಮೆಟೊ ಮೇಲಿಟ್ಟು ನೇರ ಒತ್ತಿದರೆ ಹಣ್ಣು ಹಿಚುಕಿಹೋಗುತ್ತದೆ. ತುಸು ಎಳೆದರೆ ಸಿಪ್ಪೆ ಕೊಯ್ಯುತ್ತದೆ. ಕೊಯ್ಯುವುದಕ್ಕೆ ಬೇಕಾದದ್ದು ಒತ್ತಡಕ್ಕಿಂತ ಆ ಜಾರುವಿಕೆ. ಕುಡುಗೋಲಿನಂತೆ ಬಾಗಿದ ಅಲುಗಿಗೆ ತರಕಾರಿಯನ್ನು ಮುಂದಕ್ಕೂ ಕೆಳಕ್ಕೂ ನೂಕಿದರೆ ಅದು ಅಂಚಿನುದ್ದಕ್ಕೂ ತಾನಾಗಿ ಜಾರುತ್ತದೆ. ಗಟ್ಟಿ ಕಾಯಿಯನ್ನು ಅಲುಗಿನ ಬುಡದ ಹತ್ತಿರ ಕೊಡಬೇಕು, ಅಲ್ಲಿ ಅದು ಅಲುಗಾಡುವುದಿಲ್ಲ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಮೇಲಿನ ಭಾಗ ಸಾಕು. ಇಡೀ ಕುಂಬಳಕಾಯಿಯಾದರೆ ಎರಡೂ ಕೈಯಲ್ಲಿ ಹಿಡಿದು ಮೈಭಾರ ಬಿಡಬಹುದು. ಕುಂಬಳಕಾಯಿಗೆ ಮೊದಲ ಏಟು ಗಂಡಸರೇ ಹಾಕಬೇಕೆಂಬ ಪದ್ಧತಿ ಕೆಲವು ಮನೆಗಳಲ್ಲಿದೆ. ಉಳಿದ ತೊಂಬತ್ತೊಂಬತ್ತು ಏಟು ಹೆಂಗಸರದ್ದೇ, ಆ ಮಾತು ಬೇರೆ.

ಕೂರುವುದು ಹೀಗೆ: ಒಂದು ಕಾಲು ಮಡಚಿ, ಇನ್ನೊಂದು ಮಂಡಿ ಎತ್ತಿ, ಎತ್ತಿದ ಕಾಲಿನ ಪಾದದಿಂದ ಹಲಗೆ ಒತ್ತಬೇಕು. ಅಲುಗಿನ ಬಾಯಿ ನಮ್ಮ ಕಡೆಗಿರುತ್ತದೆ. ಬೆರಳುಗಳು ಅಲುಗಿನ ಎಡಬಲಕ್ಕೆ ಇರಬೇಕೇ ಹೊರತು ಎಂದೂ ಅದರ ನೇರಕ್ಕಲ್ಲ. ಕೊನೆಯ ತುಂಡು ಚಿಕ್ಕದಾದಾಗ ಹಟ ಮಾಡದೆ ಬಿಟ್ಟುಬಿಡಿ. ನನ್ನ ಹೆಬ್ಬೆರಳಿನ ಮೇಲಿರುವ ಗೆರೆ ಒಂದು ತುಂಡು ಮೂಲಂಗಿ ಉಳಿಸಲು ಹೋಗಿ ಬಂದದ್ದು.

ಇನ್ನು ಹೆಚ್ಚುವ ಅಳತೆ. ಮೊದಲು ಯಾವ ಅಡುಗೆ ಎಂದು ಕೇಳಿಕೊಂಡೇ ಹಳಬರು ಮಣೆಯ ಮುಂದೆ ಕೂರುತ್ತಿದ್ದರು. ಹುಳಿಗೆ ದೊಡ್ಡ ಹೋಳು, ಪಲ್ಯಕ್ಕೆ ಸಣ್ಣ ಚೂರು. ಹುಳಿಯ ಹೋಳು ನೀರಿನಲ್ಲಿ ಬೆಂದು, ಮಸಾಲೆಯಲ್ಲಿ ಮತ್ತೊಮ್ಮೆ ಕುದಿಯಬೇಕು, ಚಿಕ್ಕದಾದರೆ ಕರಗಿಹೋಗುತ್ತದೆ. ಮಂಗಳೂರು ಸೌತೆಯನ್ನು ಸಿಪ್ಪೆ ಸಮೇತ ಹೋಳು ಮಾಡುವುದೂ ಇದಕ್ಕೇ, ಸಿಪ್ಪೆ ತಿರುಳನ್ನು ಹಿಡಿದಿಡುತ್ತದೆ. ಪಲ್ಯಕ್ಕೆ ನೀರು ಕಡಿಮೆ, ಆವಿಯಲ್ಲೇ ಬೇಯಬೇಕು, ಆದ್ದರಿಂದ ಚೂರು ಸಣ್ಣದಿರಬೇಕು. ನಾಲ್ಕಾರು ತರಕಾರಿ ಕೂಡಿದರೆ ನವಿಲುಕೋಸು ಚಿಕ್ಕದು, ಸಿಹಿಗುಂಬಳ ದೊಡ್ಡದು. ಎರಡೂ ಒಟ್ಟಿಗೆ ಬೇಯುತ್ತವೆ. ಕೋಸಂಬರಿಗೆ ಸೌತೆಕಾಯಿ ಹೆಚ್ಚುವುದಲ್ಲ, ಕೊಚ್ಚುವುದು. ಕಾಯಿಯ ತುದಿಗೆ ಉದ್ದಕ್ಕೂ ಅಡ್ಡಕ್ಕೂ ಗೀರು ಹಾಕಿ, ಆಮೇಲೆ ಬಿಲ್ಲೆ ಕೊಯ್ಯುವಂತೆ ಅಲುಗಿಗೆ ಕೊಟ್ಟರೆ ಅಕ್ಕಿಕಾಳಿನಷ್ಟು ಚೂರು ಬೀಳುತ್ತದೆ. ಉಪ್ಪನ್ನು ಮಾತ್ರ ಎಲೆಗೆ ಬಡಿಸುವ ಹೊತ್ತಿಗೆ ಬೆರೆಸಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ.

ಕೆಲವು ತರಕಾರಿಗಳಿಗೆ ಹೆಚ್ಚುವುದಕ್ಕಿಂತ ಅದರ ಹಿಂದುಮುಂದಿನ ಕೆಲಸವೇ ಹೆಚ್ಚು. ಬಾಳೆದಿಂಡನ್ನೇ ನೋಡಿ. ಹೊರಗಿನ ಪಟ್ಟೆಗಳನ್ನು ಬಿಡಿಸುತ್ತ ಹೋದರೆ ಬಿಳಿ ದಂಟು ಸಿಗುತ್ತದೆ. ಅದನ್ನು ತೆಳ್ಳಗೆ ಬಿಲ್ಲೆ ಕೊಯ್ಯಬೇಕು. ಪ್ರತಿ ಬಿಲ್ಲೆ ಬೇರ್ಪಟ್ಟಾಗ ಅದಕ್ಕೂ ದಂಟಿಗೂ ನಡುವೆ ಜೇಡರ ಬಲೆಯಂಥ ಎಳೆಗಳು ಉಳಿಯುತ್ತವೆ. ಅವನ್ನು ತೋರುಬೆರಳಿಗೆ ಸುತ್ತುತ್ತ, ಬಿಲ್ಲೆಯನ್ನು ಪಾತ್ರೆಗೆ ಬಿಡುತ್ತ ಹೋಗಬೇಕು. ದಿಂಡು ಮುಗಿಯುವ ಹೊತ್ತಿಗೆ ಬೆರಳಿಗೆ ನೂಲಿನ ಉಂಗುರವೊಂದು ಬಂದಿರುತ್ತದೆ. ಪಾತ್ರೆಯಲ್ಲಿ ಮಜ್ಜಿಗೆ ಬೆರೆಸಿದ ನೀರಿರಬೇಕು, ಇಲ್ಲದಿದ್ದರೆ ಬಿಲ್ಲೆಗಳು ಕಪ್ಪಾಗುತ್ತವೆ. ಕೊಯ್ದ ಜಾಗಕ್ಕೆ ಗಾಳಿ ತಾಗಿ ಒಳಗಿನ ಕಿಣ್ವಗಳು ಬಣ್ಣ ತಿರುಗಿಸುವುದು ಒಂದು ಕಾರಣ; ಒಗರಿನ ಅಂಶ ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು ಇನ್ನೊಂದು. ನೀರು ಗಾಳಿಯನ್ನು ತಡೆಯುತ್ತದೆ, ಮಜ್ಜಿಗೆಯ ಹುಳಿ ಕಿಣ್ವದ ವೇಗ ತಗ್ಗಿಸುತ್ತದೆ. ಬಾಳೆಕಾಯಿಗೂ ಬಾಳೆಹೂವಿಗೂ ಇದೇ ಮದ್ದು. ಬದನೆಕಾಯಿಗೆ ಉಪ್ಪುನೀರು ಸಾಕು.

ಎಲ್ಲಕ್ಕೂ ನೀರೇ ಮದ್ದಲ್ಲ. ಸುವರ್ಣಗೆಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಅವು ಚರ್ಮಕ್ಕೆ ಚುಚ್ಚಿ ತುರಿಕೆ ಬರುತ್ತದೆ. ಗೆಡ್ಡೆಯೂ ಕೈಯೂ ಒಣಗಿರಬೇಕು, ಕೈಗೆ ಎಣ್ಣೆ ಸವರಿರಬೇಕು. ಬೇಯಿಸುವಾಗ ಹುಣಸೆಹುಳಿ ಮರೆಯಬಾರದು. ಹಲಸಿನ ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಅಲುಗಿಗೂ ಅಂಗೈಗೂ ಕೊಬ್ಬರಿ ಎಣ್ಣೆ ಹಚ್ಚಿಯೇ ಶುರು ಮಾಡಬೇಕು. ಬೆಂಡೆಕಾಯಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಹೆಚ್ಚಬೇಕು, ನೀರು ತಾಗಿದರೆ ಲೋಳೆ ಕೆರಳುತ್ತದೆ. ಸೊಪ್ಪನ್ನು ತೊಳೆದು ಹೆಚ್ಚಬೇಕು, ಹೆಚ್ಚಿ ತೊಳೆದರೆ ನೀರಿನಲ್ಲಿ ಕರಗುವ ಸತ್ವ ಬಚ್ಚಲಿಗೆ ಹೋಗುತ್ತದೆ.

ಮಳೆಗಾಲದಲ್ಲಿ ಕೊಡಗಿನಲ್ಲೂ ಮಲೆನಾಡಿನಲ್ಲೂ ಸಿಗುವ ಕಳಲೆಯ ವಿಷಯದಲ್ಲಿ ಮಾತ್ರ ಅಡ್ಡದಾರಿ ಬೇಡ. ಎಳೆ ಬಿದಿರಿನಲ್ಲಿ ಸೈನೈಡ್ ಹುಟ್ಟಿಸುವ ಅಂಶವಿದೆ. ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ಆ ನೀರು ಚೆಲ್ಲಿ, ಕೊನೆಗೆ ಚೆನ್ನಾಗಿ ಬೇಯಿಸಿಯೇ ತಿನ್ನುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಚೂರು ತೆಳುವಾದಷ್ಟೂ ವಿಷ ಬೇಗ ಹೊರಗೆ ಬರುತ್ತದೆ.

ಅಲುಗಿನ ತುದಿಗೆ ಹಲ್ಲುಗಳ ತುರಿಮಣೆಯೂ ಸೇರಿದ್ದರೆ ಕಾಯಿ ತುರಿಯುವುದೂ ಅಲ್ಲೇ. ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತಲೂ ತಿರುಗಿಸುತ್ತ ತುರಿಯಿರಿ, ಒಂದೇ ಕಡೆ ಕರಟದವರೆಗೆ ಕೆರೆಯಬೇಡಿ. ಬಿಳಿ ಚಟ್ನಿಗೆ ಮೊದಲ ಸುತ್ತಿನ ತುರಿ, ಕಂದು ಬೆರೆತ ಕೊನೆಯ ಸುತ್ತು ಹುಳಿಯ ಮಸಾಲೆಗೆ.

ಈರುಳ್ಳಿಗೆ ಕಣ್ಣೀರು ತಪ್ಪಿಸುವ ಉಪಾಯ ಹತ್ತಾರು ಹೇಳುತ್ತಾರೆ. ನನಗೆ ನಂಬಿಕೆ ಇರುವುದು ಒಂದರ ಮೇಲೆ: ಅಲುಗು ಹರಿತವಿರಲಿ. ಮೊಂಡು ಅಲುಗು ಈರುಳ್ಳಿಯನ್ನು ಜಜ್ಜುತ್ತದೆ, ಜಜ್ಜಿದಷ್ಟೂ ಕಣ್ಣು ಉರಿಸುವ ಅನಿಲ ಹೆಚ್ಚು ಹೊರಡುತ್ತದೆ.

ಮಂಡಿನೋವಿನವರಿಗೆ ಇದು ಹೇಳಿದ ವಸ್ತುವಲ್ಲ, ಚಾಕುವೇ ಸರಿ. ಅಡುಗೆಕಟ್ಟೆಗೆ ತಿರುಪು ಹಾಕಿ ಬಿಗಿಯುವ ಚಿಕ್ಕ ಈಳಿಗೆಗಳೂ ಸಿಗುತ್ತವೆ, ಕಾಲು ಒತ್ತುವ ಬಲ ಅದರಲ್ಲಿ ಸಿಗದು. ಸ್ಟೀಲಿನ ಅಲುಗು ತುಕ್ಕು ಹಿಡಿಯುವುದಿಲ್ಲ, ತರಕಾರಿಯನ್ನು ಕಬ್ಬಿಣದಷ್ಟು ಕಪ್ಪು ಮಾಡುವುದೂ ಇಲ್ಲ. ಆದರೂ ಸಾಣೆ ಹಿಡಿದ ಹಳೇ ಕಬ್ಬಿಣದ ಹರಿತ ನಾನು ಕೊಂಡ ಯಾವ ಸ್ಟೀಲಿನಲ್ಲೂ ಕಾಣಲಿಲ್ಲ.

ಕಬ್ಬಿಣದ್ದಾದರೆ ಹುಳಿ ತಾಗಿದ ಅಲುಗನ್ನು ಹಾಗೇ ಬಿಡಬೇಡಿ. ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಮಧ್ಯೆ ಫೋನು ಬಂತು, ಯಾರೋ ಬಾಗಿಲು ಬಡಿದರು ಎಂದು ಏಳುವಾಗಲೂ ಅಷ್ಟೇ, ಮಣೆಯನ್ನು ನಿಂತ ಹಾಗೆ ಬಿಟ್ಟು ಹೋಗಬೇಡಿ. ಅಲುಗಿನ ಬಾಯಿ ಗೋಡೆಯ ಕಡೆ ಮಾಡಿ ಮಲಗಿಸಿಯೇ ಏಳಿ.