ನಿಮಗಿದು ಗೊತ್ತೇ? ಸಂಸಾರದ ಜಗಳ ಬಿಡಿಸುವುದಕ್ಕೂ ಲೈಸೆನ್ಸ್!

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಕೈತೊಳೆದುಕೊಂಡರು. ಅಮೆರಿಕದವರು ಅದಕ್ಕೊಂದು ಕಾನೂನನ್ನೇ ಬರೆದರು. ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮಾತಿನಲ್ಲೇ ಚಿಕಿತ್ಸೆ ಕೊಡುವ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್’ಗಳಿಗೆ ಎಲ್ಲರಿಗಿಂತ ಮೊದಲು ಲೈಸೆನ್ಸ್ ತಂದ ರಾಜ್ಯ ಕ್ಯಾಲಿಫೋರ್ನಿಯಾ. ಅದು 1963ರಲ್ಲಿ.

ಕೊನೆಗೆ ಬಂದವು ಮೊಂಟಾನಾ ಮತ್ತು ವೆಸ್ಟ್ ವರ್ಜೀನಿಯಾ, 2009ರಲ್ಲಿ. ಈಗ 50 ರಾಜ್ಯಗಳಲ್ಲೂ ಲೈಸೆನ್ಸ್ ಇದೆ. ಆದರೆ ಪ್ರತಿ ರಾಜ್ಯದ ನಿಯಮ ಬೇರೆ, ಮಂಡಳಿ ಬೇರೆ.

ಲೈಸೆನ್ಸ್ ಇಲ್ಲದ ಕಾಲದಲ್ಲಿ ಯಾರು ಬೇಕಾದರೂ ಈ ಕೆಲಸ ಮಾಡಬಹುದಿತ್ತು. ಲಾಸ್ ಏಂಜಲಿಸ್‌ನಲ್ಲಿ 1930ರಲ್ಲೇ ದಾಂಪತ್ಯ ಸಲಹೆಯ ಸಂಸ್ಥೆ ತೆರೆದು ಹೆಸರಾದವರು ಪಾಲ್ ಪೊಪೆನೊ. ಅವರು 1913ರಲ್ಲಿ ಬರೆದ ಪುಸ್ತಕ ಖರ್ಜೂರದ ಬೇಸಾಯದ ಬಗ್ಗೆ! ಹೆಸರಿನ ಹಿಂದಿದ್ದ ‘ಡಾಕ್ಟರ್’ ಗೌರವಕ್ಕೆ ಸಿಕ್ಕಿದ್ದು. ಮೇಲಾಗಿ ‘ಯೋಗ್ಯರಲ್ಲದವರಿಗೆ’ ಮಕ್ಕಳಾಗಬಾರದು ಎಂಬ ಸುಜನನವಾದದ ಕಟ್ಟಾ ಪ್ರಚಾರಕರು. ಇಂಥವರ ಮುಂದೆ ಹೋಗಿ ಮನೆಯ ಗುಟ್ಟು ಬಿಚ್ಚಿಟ್ಟವರಿಗೆ ಲೆಕ್ಕವಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಈಗ ಸ್ನಾತಕೋತ್ತರ ಪದವಿ ಇದ್ದರೂ ಸಾಲದು. ಮೇಲ್ವಿಚಾರಕರ ಕೈಕೆಳಗೆ 3,000 ಗಂಟೆ ದುಡಿಯಬೇಕು, ಅದೂ ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು. ರಾತ್ರಿ ಹಗಲು ಗೇಯ್ದು ಬೇಗ ಮುಗಿಸುತ್ತೇನೆಂದರೆ ನಡೆಯದು. ವಾರಕ್ಕೆ 40 ಗಂಟೆಗಿಂತ ಹೆಚ್ಚು ಲೆಕ್ಕಕ್ಕೇ ಬರುವುದಿಲ್ಲ. ಅದರಲ್ಲೂ 500 ಗಂಟೆ ದಂಪತಿ, ಕುಟುಂಬ, ಮಕ್ಕಳ ಜೊತೆಗೇ ಆಗಿರಬೇಕು.

ಈ ಅವಧಿಯಲ್ಲಿ ಅವರು ‘ಅಸೋಸಿಯೇಟ್’. ‘ನನಗಿನ್ನೂ ಲೈಸೆನ್ಸ್ ಬಂದಿಲ್ಲ, ಮೇಲ್ವಿಚಾರಣೆಯಲ್ಲಿದ್ದೇನೆ’ ಎಂದು ಬಂದವರಿಗೆ ಚಿಕಿತ್ಸೆಗೆ ಮೊದಲೇ ಹೇಳಬೇಕು. ಅವರಿಂದ ನೇರವಾಗಿ ಫೀಸು ಪಡೆಯುವಂತಿಲ್ಲ. ಸಂಸ್ಥೆ ಕೊಡುವ ಸಂಬಳ ಮಾತ್ರ, ಇಲ್ಲವೇ ಪುಕ್ಕಟೆ ಸೇವೆ.

ಬೆರಳಚ್ಚು ಕೊಟ್ಟು ಅಪರಾಧ ಹಿನ್ನೆಲೆಯ ತಪಾಸಣೆ ಮುಗಿಸಬೇಕು. ಆಮೇಲೆ ಎರಡು ಪರೀಕ್ಷೆ: ಒಂದು ಚಿಕಿತ್ಸೆಯದ್ದು, ಇನ್ನೊಂದು ಬರೀ ಕಾನೂನು ಮತ್ತು ನೀತಿಯದ್ದು. ಬೇರೆ ರಾಜ್ಯದಲ್ಲಿ ಪಳಗಿ ಬಂದವರಿಗೂ ಈ ಎರಡನೆಯದು ತಪ್ಪಿದ್ದಲ್ಲ. ಪಾಸಾದರೂ ಪುಸ್ತಕ ಮುಚ್ಚುವಂತಿಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 36 ಗಂಟೆಯ ಹೊಸ ಕಲಿಕೆ.

ಲೈಸೆನ್ಸ್ ಇಲ್ಲದೆ ಈ ಹೆಸರಿನ ಬೋರ್ಡು ಹಾಕಿಕೊಂಡರೆ ಅಲ್ಲಿ ಆರು ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ, ಅಥವಾ ಎರಡೂ.

ಹಾಗಾದರೆ ಚರ್ಚಿನ ಪಾದ್ರಿ ಸಂಸಾರದ ಬುದ್ಧಿ ಹೇಳುವಂತಿಲ್ಲವೇ? ಹೇಳಬಹುದು. ತಮ್ಮ ಧಾರ್ಮಿಕ ಕರ್ತವ್ಯದ ಭಾಗವಾಗಿ ಹೇಳುವ ಪಾದ್ರಿ, ಯಹೂದಿ ಗುರುಗಳಿಗೆ ವಿನಾಯಿತಿ ಇದೆ. ವಕೀಲರು, ವೈದ್ಯರಿಗೂ ಇದೆ.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಕನ್ನಡತಿಯೊಬ್ಬರು ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಧಾರವಾಡದ ತವರಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದು ಅಲ್ಲಿನ ಥೆರಪಿಸ್ಟ್‌ಗೆ ವಿಡಿಯೊ ಕರೆ ಮಾಡುತ್ತಾರೆ. ಯೋಗಕ್ಷೇಮಕ್ಕೂ ಮೊದಲು ಬರುವ ಪ್ರಶ್ನೆ: ‘ನಿಮ್ಮ ಪೂರ್ತಿ ಹೆಸರು ಹೇಳಿ. ಈಗ ಕೂತಿರುವ ಜಾಗದ ವಿಳಾಸ ಹೇಳಿ.’ ವರ್ಷದಿಂದ ಪರಿಚಯವಿದ್ದರೂ ಇದೇ ಪ್ರಶ್ನೆ. ಪ್ರತಿ ಸಲವೂ ಕೇಳಿ ಬರೆದಿಟ್ಟುಕೊಳ್ಳಬೇಕೆಂದು ಕ್ಯಾಲಿಫೋರ್ನಿಯಾದ ನಿಯಮವೇ ಇದೆ. ಏಕೆಂದರೆ ಲೈಸೆನ್ಸ್‌ನ ಗಡಿ ಗೊತ್ತಾಗುವುದು ಥೆರಪಿಸ್ಟ್ ಕೂತ ಕುರ್ಚಿಯಿಂದಲ್ಲ, ಚಿಕಿತ್ಸೆ ಪಡೆಯುವವರು ಕೂತ ಜಾಗದಿಂದ. ‘ಧಾರವಾಡ’ ಎಂಬ ಉತ್ತರ ಬಂತೆಂದರೆ, ಅಲ್ಲಿನ ಕಾನೂನು ಇದಕ್ಕೆ ಒಪ್ಪುತ್ತದೆಯೇ ಎಂದು ನೋಡಿಯೇ ಮಾತು ಮುಂದುವರಿಸಬೇಕು. ಯಾರಾದರೂ ಪ್ರಾಣಕ್ಕೆ ಎರವಾಗುವ ಸ್ಥಿತಿಯಲ್ಲಿದ್ದರೆ ಆಂಬುಲೆನ್ಸ್ ಎಲ್ಲಿಗೆ ಕಳಿಸಬೇಕೆಂದು ತಿಳಿಯಲೂ ಆ ವಿಳಾಸ ಬೇಕು.

ತಿರುಗಾ ಮುರುಗಾ ಆದರೂ ಅಷ್ಟೇ. ಬೆಂಗಳೂರಿನ ಜಯನಗರದಲ್ಲಿ ಕೂತು ಸನ್ನಿವೇಲ್‌ನ ದಂಪತಿಗೆ ಈ ಚಿಕಿತ್ಸೆ ಕೊಡಲು ಕ್ಯಾಲಿಫೋರ್ನಿಯಾದ ಲೈಸೆನ್ಸ್ ಬೇಕು. ಇಲ್ಲಿನ ಇಪ್ಪತ್ತು ವರ್ಷದ ಅನುಭವ ಅದರ ಬದಲಿಗೆ ನಡೆಯದು.

ಗುಟ್ಟು ಗುಟ್ಟಾಗಿಯೇ ಇರುತ್ತದೆಯೇ? ಬಹುಮಟ್ಟಿಗೆ ಹೌದು, ಆದರೆ ಪೂರ್ತಿ ಅಲ್ಲ. ಇದರ ಹಿಂದೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಒಂದು ದುರಂತವಿದೆ, ಭಾರತಕ್ಕೂ ಅದರ ನಂಟಿದೆ. ಬಂಗಾಳದಿಂದ ಓದಲು ಹೋಗಿದ್ದ ವಿದ್ಯಾರ್ಥಿಯೊಬ್ಬ ಒಬ್ಬ ಯುವತಿಯನ್ನು ಕೊಲ್ಲುವೆನೆಂದು ತನ್ನ ಮನಃಶಾಸ್ತ್ರಜ್ಞರ ಮುಂದೆ ಹೇಳಿದ. ಅವರು ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ ಬಿಟ್ಟುಬಿಟ್ಟರು. ಆ ಹುಡುಗಿಗಾಗಲಿ, ಹೆತ್ತವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. 1969ರಲ್ಲಿ ಆ ಯುವತಿ, ತತಿಯಾನಾ ತರಸಾಫ್, ಕೊಲೆಯಾದಳು. ಹೆತ್ತವರು ಕೋರ್ಟಿಗೆ ಹೋದರು. ಅಪಾಯದಲ್ಲಿರುವ ವ್ಯಕ್ತಿಯನ್ನು ರಕ್ಷಿಸುವ ಹೊಣೆ ಚಿಕಿತ್ಸಕರಿಗಿದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಪಿತ್ತಿತು. ಇಂದು ಅಲ್ಲಿನ ಥೆರಪಿಸ್ಟ್‌ಗಳ ಬಾಯಲ್ಲಿ ‘ತರಸಾಫ್’ ಎಂದರೆ ಈ ಹೊಣೆ ಎಂದೇ ಅರ್ಥ.

ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ ತಕ್ಷಣ ಫೋನಿನಲ್ಲಿ, 36 ಗಂಟೆಯೊಳಗೆ ಬರಹದಲ್ಲಿ ವರದಿ ಮಾಡಲೇಬೇಕು. ‘ಅವರ ಮನೆ ವಿಚಾರ ನಮಗೇಕೆ’ ಎಂದರೆ ಅದೇ ಅಪರಾಧ.

12 ತುಂಬಿದ ಮಕ್ಕಳು, ಸಾಕಷ್ಟು ತಿಳಿವಳಿಕೆ ಇದೆ ಎನಿಸಿದರೆ, ತಾವೇ ಒಪ್ಪಿಗೆ ಕೊಟ್ಟು ಆಪ್ತಸಲಹೆ ಪಡೆಯಬಹುದು. ನಮ್ಮ ಅಪ್ಪ-ಅಮ್ಮಂದಿರಿಗೆ ಇದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯದು!

ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಈ ಥೆರಪಿಸ್ಟ್‌ಗಳಿಗೆ ಹಣ ಕೊಡತೊಡಗಿದ್ದು 2024ರ ಜನವರಿ 1ರಿಂದ. ಮೊದಲ ಲೈಸೆನ್ಸ್ ಕಾನೂನು ಬಂದು 60 ವರ್ಷ ಕಳೆದ ಮೇಲೆ!

ನಮ್ಮಲ್ಲಿ? ‘ಮದುವೆ ಮತ್ತು ಕುಟುಂಬ ಚಿಕಿತ್ಸಕ’ ಎಂಬ ಪ್ರತ್ಯೇಕ ಲೈಸೆನ್ಸೇ ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಕೋರ್ಟಿನಲ್ಲಿ ಆಪ್ತಸಲಹೆಗಾರರನ್ನು ಇಡಲು ಅವಕಾಶ ಕೊಟ್ಟಿದೆ, ರಾಜಿಗೆ ಮೊದಲು ಪ್ರಯತ್ನಿಸಿ ಎಂದೂ ನ್ಯಾಯಾಧೀಶರಿಗೆ ಹೇಳಿದೆ. ಆದರೆ ರಸ್ತೆ ಬದಿಯಲ್ಲಿ ಬೋರ್ಡು ಹಾಕಿ ದಾಂಪತ್ಯದ ಸಲಹೆ ಕೊಡುವವರನ್ನು ‘ನಿಮ್ಮ ಲೈಸೆನ್ಸ್ ತೋರಿಸಿ’ ಎಂದು ಕೇಳುವವರಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಮಾತು ಬೇರೆ. 1992ರ ಕಾಯ್ದೆಯಂತೆ ಅವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಲೇಬೇಕು. ಮಾಡಿಸದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ಎಂದರೆ ಎಷ್ಟೋ ಕಡೆ ಒಂದು ಸಿಟ್ಟಿಂಗ್‌ನ ಫೀಸೂ ಅಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಬಳಿ ಹೋಗುವಾಗ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಅದನ್ನು ಕೇಳಲು ಸಂಕೋಚ ಬೇಡ. ಸಂಖ್ಯೆ ಇದ್ದವರು ಬೇಸರಿಸಿಕೊಳ್ಳುವುದಿಲ್ಲ.